ಚಪಾತಿ ಸುತ್ತುವ ಫಾಯಿಲ್ ಮುಂದೆ ಸಿಲ್ವರ್ ಸ್ಪ್ರೇ ಯಾವ ಲೆಕ್ಕ?

ಮಿಗ್-21 ಯುದ್ಧವಿಮಾನ ನಮ್ಮ ವಾಯುಪಡೆಗೆ ಬಂದದ್ದು 1963ರಲ್ಲಿ, ನಿವೃತ್ತಿಯಾದದ್ದು 2025ರ ಸೆಪ್ಟೆಂಬರ್‌ನಲ್ಲಿ. ಆ ಸುದ್ದಿ ಓದಿದ ಮೇಲೆ ಅದರ ಪುಟ್ಟ ಮಾದರಿ ಜೋಡಿಸುವ ಕಿಟ್ ತರಿಸಿದೆ, 1:72 ಅಳತೆಯದು, ಅಂದರೆ ಅಸಲಿಯ ಎಪ್ಪತ್ತೆರಡರಲ್ಲಿ ಒಂದು ಪಾಲು. ನನಗೆ ಬೇಕಾಗಿದ್ದು ಬಣ್ಣ ಬಳಿಯದ, ಬಿಸಿಲಿಗೆ ಮಿರುಗುವ ಹಳೇ ಮಿಗ್. ಕೈಗೆ ಬಂದದ್ದು ಒಂದು ಗೇಣುದ್ದದ ಬೂದು ಪ್ಲಾಸ್ಟಿಕ್. ಅದನ್ನು ಲೋಹ ಅಂತ ನಂಬಿಸಲು ಮೂರು ದಾರಿ ನೋಡಿದೆ, ಎರಡು ಕಿಟ್ ಕೆಡಿಸಿದೆ. ಗೆದ್ದದ್ದು ಅಡುಗೆಮನೆಯ ಫಾಯಿಲ್.

ಮೊದಲು ಕೌಲ್ ಬಜಾರಿನಿಂದ ಸಿಲ್ವರ್ ಸ್ಪ್ರೇ ಡಬ್ಬಿ ತಂದೆ. ತಪ್ಪು ನನ್ನದೇ. ಬಳ್ಳಾರಿಯ ಮಾರ್ಚ್ ಮಧ್ಯಾಹ್ನ ಮಾಳಿಗೆ ಮೇಲೆ ನಿಂತು ಸ್ಪ್ರೇ ಹೊಡೆದರೆ ಏನಾಗುತ್ತೆ? ಬಣ್ಣದ ಹನಿ ವಿಮಾನ ಮುಟ್ಟುವ ಮೊದಲೇ ಅರ್ಧ ಒಣಗುತ್ತೆ. ರೆಕ್ಕೆ ಸವರಿದರೆ ಉಪ್ಪುಕಾಗದ. ಮೇಲೆ ನಮ್ಮೂರ ಕೆಂಪು ಧೂಳು ಬೇರೆ. ಎಲ್ಲಾ ಸರಿಯಾಗಿ ಬಂದರೂ ಅದು ಲೋಹವಲ್ಲ, ಗೇಟಿಗೆ ಹೊಡೆದ ಬೆಳ್ಳಿ ಬಣ್ಣ.

ಎರಡನೇ ದಾರಿ ಏರ್‌ಬ್ರಶ್, ಅಂದರೆ ಕಂಪ್ರೆಸರ್ ಗಾಳಿಯಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನ. ಅದು ಹೊಸಪೇಟೆಯ ಗೆಳೆಯನದು. ಮೊದಲು ಹೊಳೆಯುವ ಕಪ್ಪು, ಅದರ ಮೇಲೆ ತೆಳ್ಳಗೆ ಮೆಟಾಲಿಕ್ ಬಣ್ಣ. ಅಡಿಯ ಕಪ್ಪು ಕನ್ನಡಿಯಂತಿದ್ದರಷ್ಟೇ ಮೇಲಿನದು ಲೋಹದ ಹಾಗೆ ಕಾಣುತ್ತೆ, ಅಲ್ಲಿ ಗೀರು ಬಿದ್ದರೆ ಮುಗೀತು. ಚೆನ್ನಾಗಿ ಬಂದರೆ ಫಾಯಿಲ್‌ಗಿಂತ ನಯ, ಸುಳ್ಳು ಹೇಳಲ್ಲ. ಆದರೆ ನಾನು ಕೂರುವುದು ರಾತ್ರಿ ಹತ್ತರ ಮೇಲೆ. ಆ ಹೊತ್ತಲ್ಲಿ ಕಂಪ್ರೆಸರ್ ಗುರ್ ಅಂದರೆ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ. ಹತ್ತು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ತೊಳೆಯೋದು. ಸ್ವಂತಕ್ಕೆ ಕೊಳ್ಳಲು ಐದಾರು ಸಾವಿರ. ವರ್ಷಕ್ಕೆ ಮೂರು ವಿಮಾನ ಮಾಡುವವನಿಗೆ ಅದು ಯಾಕೆ?



ಈಗ ಫಾಯಿಲ್. ಇದರಲ್ಲಿ ತಲೆ ತಿಂದದ್ದು ಒಂದೇ, ಅಂಟು. ಮೊದಲ ಸಲ ಬಡಗಿಗಳು ಬಳಸುವ ಬಿಳಿ ಗಮ್ ಹಚ್ಚಿದೆ. ಅಂಟಿಸಿದ ದಿನ ಸೊಗಸಾಗಿತ್ತು. ಮೂರನೇ ದಿನ ರೆಕ್ಕೆ ಒತ್ತಿದರೆ ಒಳಗೆ ಮೆತ್ತಗೆ. ವಾರ ಬಿಟ್ಟು ನೋಡಿದರೂ ಹಾಗೇ. ಒಂದು ಕಡೆ ಒತ್ತಿದರೆ ಗುಳ್ಳೆ ಇನ್ನೊಂದು ಕಡೆ ಏಳುತ್ತಿತ್ತು. ಸೂಜಿ ಚುಚ್ಚಿದೆ, ಬಿಳಿ ಹಾಲು ಬಂತು!

ಆಮೇಲೆ ಹೊಳೆಯಿತು. ಆ ಗಮ್ ಒಣಗಬೇಕಾದರೆ ಅದರ ನೀರು ಎಲ್ಲಾದರೂ ಹೋಗಬೇಕು. ಮರವಾದರೆ ಹೀರುತ್ತದೆ. ಇಲ್ಲಿ ಕೆಳಗೆ ಪ್ಲಾಸ್ಟಿಕ್, ಮೇಲೆ ಅಲ್ಯೂಮಿನಿಯಂ. ನೀರು ಹೋಗೋದಾದರೂ ಎಲ್ಲಿಗೆ? ಬಳ್ಳಾರಿ ಬಿಸಿಲಿಗೂ ಒಣಗದ ವಸ್ತು ನಾನು ಕಂಡದ್ದು ಅದೊಂದೇ.

ಪರಿಹಾರ ಸಿಕ್ಕಿದ್ದು ಗೋಲ್ಡ್ ಲೀಫ್ (ಚಿನ್ನದ ತೆಳು ಹಾಳೆ) ಅಂಟಿಸುವ ಗಮ್‌ನಲ್ಲಿ. ಇದೂ ನೀರಿನದೇ, ಆದರೆ ಒಣಗಿದ ಮೇಲೂ ಜಿಗುಟು ಉಳಿಯುತ್ತದೆ. ಫಾಯಿಲ್‌ಗೆ ತೆಳ್ಳಗೆ ಬಳಿದು, ಬಿಳುಪು ಪೂರ್ತಿ ಹೋಗುವ ತನಕ ಸುಮ್ನೆ ಬಿಡಬೇಕು. ಆಮೇಲಷ್ಟೇ ಅಂಟಿಸಬೇಕು. ನೀರು ಆಗಲೇ ಹಾರಿರುತ್ತದೆ, ಗುಳ್ಳೆ ಏಳಲ್ಲ. ಆತುರಪಟ್ಟರೆ ಮತ್ತೆ ಅದೇ ಕಥೆ.

ಅಂಟಿಸಿದ ಮೇಲೆ ಹತ್ತಿಯಿಂದ ಉಜ್ಜಿ, ರೀಫಿಲ್ ಮುಗಿದ ಪೆನ್ನಿನಿಂದ ವಿಮಾನದ ಮೈಯ ತಗಡುಗಳು ಸೇರುವ ಗೆರೆಗಳನ್ನು ಒತ್ತಿದರೆ ಸಾಕು. ಒಂದು ತಗಡಿಗೆ ಒಂದೇ ತುಂಡು ಹಾಕಿ. ಒಂದನ್ನು ಉದ್ದಕ್ಕೆ, ಪಕ್ಕದ್ದನ್ನು ಅಡ್ಡಕ್ಕೆ ತಿರುಗಿಸಿದರೆ ಬೆಳಕು ಬೇರೆ ಬೇರೆ ಬೀಳುತ್ತದೆ. ಕೆಲವಕ್ಕೆ ಮಂಕು ಬದಿ ಮೇಲೆ ಮಾಡಿ. ನಿಜವಾದ ವಿಮಾನದ ತಗಡುಗಳೂ ಒಂದೇ ಹೊಳಪಿನವಲ್ಲ. ರೆಕ್ಕೆ ಮೈಗೆ ಸೇರುವ ತಿರುವಿನಲ್ಲಿ ಮಾತ್ರ ಸುಕ್ಕು ಬೀಳುತ್ತೆ, ಅಲ್ಲಿ ಸಣ್ಣ ಸಣ್ಣ ತುಂಡು.

ಬಾಲದ ಕಡೆ ಎಂಜಿನ್ ಬಿಸಿಗೆ ಕಂದಿದ ಭಾಗ ಬೇಕಲ್ವಾ? ನಮ್ಮ ಬೋರ್ ನೀರಿನಲ್ಲಿ ಫಾಯಿಲ್ ತುಂಡನ್ನು ಕುದಿಸಿದೆ. ಅಲ್ಯೂಮಿನಿಯಂ ಪಾತ್ರೆ ಒಳಗೆ ಕಪ್ಪಾಗುವಂತೆ ಅದೂ ಮಂಕು ಬೂದು ಬಣ್ಣಕ್ಕೆ ತಿರುಗಿತು. ಗಡಸು ನೀರಿನಿಂದ ನನಗಾದ ಲಾಭ ಇದೊಂದೇ.

ಖರ್ಚು ರೋಲಿಗೆ ನೂರರ ಆಸುಪಾಸು, ಗಮ್ ಬೇರೆ. ಮಗಳ ಟಿಫಿನ್‌ಗೆ ಚಪಾತಿ ಸುತ್ತುವ ಹೊತ್ತಿಗೆ "ರೀ, ಫಾಯಿಲ್ ಮತ್ತೆ ಖಾಲಿ!" ಅಂತ ಕೂಗು ಬರುತ್ತಿತ್ತು. ಈಗ ಎರಡು ರೋಲ್ ತರುತ್ತೇವೆ. ಒಂದರ ಮೇಲೆ ಹೆಂಡತಿಯೇ ಮಾರ್ಕರಿನಲ್ಲಿ "ವಿಮಾನ" ಅಂತ ಬರೆದಿಟ್ಟಿದ್ದಾಳೆ.