ಫ್ಲೈಯಿಂಗ್ ವಿ ತಗೊಳ್ಳೋದೋ, ಎಕ್ಸ್‌ಪ್ಲೋರರೋ?

ಮಾಟುಂಗದ ಕನ್ನಡದ ಹುಡುಗರು ಬ್ಯಾಂಡ್ ಕಟ್ಟುವ ಉಮೇದಿನಲ್ಲಿ ಕೇಳುವ ಪ್ರಶ್ನೆ ಇದು. ಎರಡೂ ಅಮೆರಿಕದ ಗಿಬ್ಸನ್ ಕಂಪನಿ 1958ರಲ್ಲಿ ಮಾರುಕಟ್ಟೆಗೆ ತಂದ ಎಲೆಕ್ಟ್ರಿಕ್ ಗಿಟಾರಿನ ಆಕಾರಗಳು. ಆಗ ಕೊಂಡವರು ಬೆರಳೆಣಿಕೆ; ಇವತ್ತು ಆ ಕಾಲದ ಅಸಲಿ ಬೇಕೆಂದರೆ ಮುಂಬೈಯಲ್ಲಿ ಫ್ಲ್ಯಾಟ್ ಕೊಳ್ಳುವಷ್ಟು ದುಡ್ಡು ಬೇಕು. ನಮ್ಮ ಕೈಗೆಟುಕುವುದು ಗಿಬ್ಸನ್‌ನದೇ ಅಗ್ಗದ ಬ್ರ್ಯಾಂಡ್ ಎಪಿಫೋನ್ ಮಾಡುವ ಅದೇ ಆಕಾರದವು.

ನೋಟದಲ್ಲಿ ವಿ ಒಂದು ಕೈ ಮೇಲೆ. ಬಾಣದಂಥ ತಲೆ, ಸೀಳಿದ ಮೈ. ಆದರೆ ಕೂತು ನುಡಿಸೋದು ಪೇಚಾಟ: ತೊಡೆ ಮೇಲಿಟ್ಟರೆ ಜಾರುತ್ತದೆ. ಬಲತೊಡೆಯನ್ನು ಸೀಳಿಗೆ ತೂರಿಸಿ, ಕೆಳರೆಕ್ಕೆಯನ್ನು ಕಾಲುಗಳ ನಡುವೆ ಸಿಕ್ಕಿಸಬೇಕು. ನಿಂತು ನುಡಿಸುವವರಿಗೆ ಈ ತಾಪತ್ರಯವಿಲ್ಲ, ಮೈಗೆ ಹತ್ತಿರದ ಮೇಲಿನ ಫ್ರೆಟ್‌ಗಳಿಗೂ (ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿಗಳು) ಬೆರಳು ಸಲೀಸಾಗಿ ಹೋಗುತ್ತದೆ. ಎಡಚರಾದ ಅಮೆರಿಕದ ಗಿಟಾರ್ ವಾದಕ ಆಲ್ಬರ್ಟ್ ಕಿಂಗ್ ಬಲಗೈಯವರ ವಿಯನ್ನೇ ತಿರುವಿ ಹಿಡಿದು ಬ್ಲೂಸ್ ನುಡಿಸಿದರು.

ಎಕ್ಸ್‌ಪ್ಲೋರರ್ ತೊಡೆ ಮೇಲೆ ಕೂರುತ್ತದೆ. ಮೈ ಮಾತ್ರ ದೊಡ್ಡದು. ಎರಡಕ್ಕೂ ಮಾಮೂಲಿ ಚೀಲ ಆಗೋಲ್ಲ, ಅವುಗಳ ಅಳತೆಯ ದೊಡ್ಡ ಪೆಟ್ಟಿಗೆಯೇ ಬೇಕು. ಸಂಜೆ ದಾದರಿನಲ್ಲಿ ಆ ಪೆಟ್ಟಿಗೆ ಹಿಡಿದು ಲೋಕಲ್ ಹತ್ತೋದು ಯಾರಿಗೆ ಬೇಕು!

ಧೋಬಿ ತಲಾವ್‌ನ ಅಂಗಡಿಯಲ್ಲಿ ಕುರ್ಚಿ ಕೇಳಿ, ಕೂತೇ ನುಡಿಸಿ ನೋಡಿ. ಮನೆಯಲ್ಲಿ ಅಭ್ಯಾಸಕ್ಕಾದರೆ ಎಕ್ಸ್‌ಪ್ಲೋರರ್. ಬರೀ ಚಂದಕ್ಕೆ ಅಂತಾದರೆ ವಿ. ಜೊತೆಗೆ ಗೋಡೆಗೊಂದು ಗಟ್ಟಿ ಕೊಕ್ಕೆಯೂ ಇರಲಿ, ಮಾಮೂಲಿ ಸ್ಟ್ಯಾಂಡಿನಲ್ಲಿ ಅದು ಸರಿಯಾಗಿ ನಿಲ್ಲೋಲ್ಲ.