ಮೆಂಫಿಸ್‌ನ ರಾಷ್ಟ್ರೀಯ ನಾಗರಿಕ ಹಕ್ಕುಗಳ ವಸ್ತುಸಂಗ್ರಹಾಲಯ: ಅರ್ಧ ದಿನವನ್ನಾದರೂ ಮೀಸಲಿಡಿ
ಅಮೆರಿಕದ ಟೆನೆಸಿ ರಾಜ್ಯದ ಮೆಂಫಿಸ್ ನಗರದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರು 1968ರ ಏಪ್ರಿಲ್ 4ರಂದು ಗುಂಡೇಟಿಗೆ ಬಲಿಯಾದ ಲೊರೇನ್ ಮೋಟೆಲ್, 1991ರಿಂದ ವಸ್ತುಸಂಗ್ರಹಾಲಯವಾಗಿದೆ. ಹೆಚ್ಚಿನವರು ಇಲ್ಲಿಗೆ ಬರುವುದು 306ನೇ ಕೋಣೆಯನ್ನೂ ಅದರ ಮುಂದಿನ ಬಾಲ್ಕನಿಯನ್ನೂ ನೋಡುವುದಕ್ಕೆ. ಆದರೆ ಆ ಕೋಣೆಯನ್ನು ತಲುಪುವ ಮೊದಲು ಹಾದುಹೋಗಬೇಕಾದ ಸಭಾಂಗಣಗಳೇ ಈ ಸಂಗ್ರಹಾಲಯದ ನಿಜವಾದ ಹಿರಿಮೆ ಎಂದು ನಾನು ಭಾವಿಸುತ್ತೇನೆ. ಪ್ರತಿಭಟನೆಯನ್ನು ಯೋಚಿಸಿ, ಕಲಿತು, ಸಂಘಟಿಸಿ ಕಟ್ಟಿದವರ ಶ್ರಮ ಅಲ್ಲಿ ಕಾಣಸಿಗುತ್ತದೆ.

ಬಿಳಿಯರಿಗಷ್ಟೇ ಮೀಸಲಾಗಿದ್ದ ಊಟದ ಕೌಂಟರಿನ ಮುಂದೆ ನೆಟ್ಟಗೆ ಕುಳಿತ ವಿದ್ಯಾರ್ಥಿಗಳ ಪ್ರತಿಮೆಗಳ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. 1960ರ ಫೆಬ್ರುವರಿ 1ರಂದು ನಾರ್ತ್ ಕರೊಲಿನಾ ರಾಜ್ಯದ ಗ್ರೀನ್ಸ್‌ಬರೋದಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಹೀಗೆ ಕುಳಿತ ಮೇಲೆ ಈ ಧರಣಿ ಅಮೆರಿಕದ ದಕ್ಷಿಣ ರಾಜ್ಯಗಳ ಊರೂರಿಗೆ ಹಬ್ಬಿತು. ಅಷ್ಟರಲ್ಲಾಗಲೇ ನ್ಯಾಷ್‌ವಿಲ್‌ನಲ್ಲಿ ಜೇಮ್ಸ್ ಲಾಸನ್ ಅವರು ವಿದ್ಯಾರ್ಥಿಗಳಿಗೆ ತರಬೇತಿ ಶಿಬಿರಗಳನ್ನು ನಡೆಸುತ್ತಿದ್ದರು. ಒಬ್ಬರು ಬೈದು ನೂಕಿದರೂ ಮತ್ತೊಬ್ಬರು ಕೈಯೆತ್ತದೆ ಕುಳಿತಿರುವ ಅಭ್ಯಾಸ ಅಲ್ಲಿ ನಡೆಯುತ್ತಿತ್ತು. ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿ ಕೆಲಸ ಮಾಡುತ್ತ ಗಾಂಧೀಜಿಯವರ ಸತ್ಯಾಗ್ರಹವನ್ನು ಅಧ್ಯಯನ ಮಾಡಿದ್ದ ಇವರೇ ಮುಂದೆ ಪೌರಕಾರ್ಮಿಕರ ಮುಷ್ಕರಕ್ಕೆ ಬೆಂಬಲ ಕೋರಿ ಕಿಂಗ್ ಅವರನ್ನು ಮೆಂಫಿಸ್‌ಗೆ ಕರೆಸಿದರು ಎಂಬುದನ್ನು ನಾವು, ಭಾರತೀಯರು, ತಿಳಿದಿರಲೇಬೇಕು. ಜನರು ಒಬ್ಬ ಮಹಾನಾಯಕನಿಗಾಗಿ ಕಾಯದೆ ತಮ್ಮ ಮುಂದಾಳತ್ವವನ್ನು ತಾವೇ ವಹಿಸಿಕೊಳ್ಳಬೇಕೆಂದ ನಾಗರಿಕ ಹಕ್ಕುಗಳ ಸಂಘಟಕಿ ಎಲಾ ಬೇಕರ್ ಅವರ ವಿಚಾರವನ್ನೂ ಓದಿಕೊಂಡು ಹೋದರೆ, ಈ ಸಭಾಂಗಣ ಇನ್ನಷ್ಟು ಅರ್ಥವಾಗುತ್ತದೆ.

ನನ್ನನ್ನು ಅತ್ಯಂತ ಹೆಚ್ಚು ಹಿಡಿದು ನಿಲ್ಲಿಸಿದ್ದು ಪೌರಕಾರ್ಮಿಕರ ಮುಷ್ಕರದ ಭಾಗ. ಅಲ್ಲಿ ಕಸದ ಲಾರಿಯೊಂದಿದೆ. ‘ನಾನೂ ಮನುಷ್ಯ’ ಎಂದು ಸಾರುವ ಫಲಕಗಳನ್ನು ಹಿಡಿದ ಕಾರ್ಮಿಕರ ಪ್ರತಿಮೆಗಳಿವೆ. 1968ರ ಫೆಬ್ರುವರಿ 1ರಂದು ಮಳೆಗೆ ಲಾರಿಯ ಹಿಂಭಾಗದಲ್ಲಿ ಆಸರೆ ಪಡೆದಿದ್ದ ಎಕೋಲ್ ಕೋಲ್ ಮತ್ತು ರಾಬರ್ಟ್ ವಾಕರ್, ಕಸ ಒತ್ತುವ ಯಂತ್ರಕ್ಕೆ ಸಿಲುಕಿ ಸತ್ತರು. ಹನ್ನೊಂದು ದಿನಗಳ ನಂತರ ಸುಮಾರು 1,300 ಕಪ್ಪು ಕಾರ್ಮಿಕರು ಕೆಲಸ ನಿಲ್ಲಿಸಿದರು. ಕೂಲಿ, ಸುರಕ್ಷತೆ, ಸಂಘದ ಮಾನ್ಯತೆ ಮತ್ತು ಮಾನವ ಘನತೆ ಇವೆಲ್ಲ ಒಂದೇ ಬೇಡಿಕೆಯೆಂದು ಅವರು ಕಂಡುಕೊಂಡಿದ್ದರು. ಜನಾಂಗೀಯ ಸಮಾನತೆಯ ಜೊತೆ ಆರ್ಥಿಕ ನ್ಯಾಯವೂ ಬೇಕೆಂಬ ಕಿಂಗ್ ಅವರ ಕೊನೆಯ ವರ್ಷಗಳ ಚಿಂತನೆ ಈ ಲಾರಿಯ ಮುಂದೆ ಸ್ಪಷ್ಟವಾಗುವಷ್ಟು ಬೇರೆಲ್ಲೂ ಆಗಲಾರದು.

ರಸ್ತೆಯಾಚೆ ಸಂಗ್ರಹಾಲಯದ ಇನ್ನೊಂದು ಕಟ್ಟಡವಿದೆ. ಸಮಯ ಕಡಿಮೆಯಿದ್ದರೆ ಅದನ್ನು ಬಿಡಬಹುದು.

ಬಿಡಬಾರದ ಇನ್ನೊಂದು ಸಂಗತಿಯಿದೆ. ಸಂಗ್ರಹಾಲಯಕ್ಕೆ ಜಾಗ ಮಾಡಿಕೊಡಲು 1988ರಲ್ಲಿ ಈ ಮೋಟೆಲಿನ ಕೊನೆಯ ನಿವಾಸಿಯಾಗಿದ್ದ ಮಹಿಳೆಯನ್ನು ಹೊರಹಾಕಲಾಯಿತು. ಸಂಗ್ರಹಾಲಯಕ್ಕೆ ಖರ್ಚು ಮಾಡುವ ಹಣವನ್ನು ಬಡವರ ವಸತಿಗೆ ಬಳಸುವುದೇ ಕಿಂಗ್ ಅವರಿಗೆ ಸಲ್ಲಿಸುವ ಗೌರವವೆಂದು ಅವರು ದಶಕಗಳ ಕಾಲ ಎದುರಿನ ರಸ್ತೆಬದಿಯಲ್ಲೇ ಕುಳಿತು ಪ್ರತಿಭಟಿಸಿದರು. ಸಂಗ್ರಹಾಲಯ ಇರಲೇಬೇಕೆಂಬುದು ನನ್ನ ನಿಲುವು. ಆದರೂ ಅವರ ವಾದ ನ್ಯಾಯವಾದದ್ದು, ಒಳಗಿನ ಕಾರ್ಮಿಕರ ಫಲಕಗಳಷ್ಟೇ ಗಮನದಿಂದ ಓದಬೇಕಾದದ್ದು.