ಒಂಬತ್ತು ವರ್ಷದ ಕಾರು, ಬದಲಾದ ಪೆಟ್ರೋಲ್: 1,14,000 ಕಿ.ಮೀ. ನಂತರದ ವಿಮರ್ಶೆ

2016ರ ಆಗಸ್ಟ್‌ನಲ್ಲಿ ಕೊಂಡ ನನ್ನ 1.2 ಲೀಟರಿನ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಇದುವರೆಗೆ 1,14,000 ಕಿ.ಮೀ. ಓಡಿದೆ. ಕಾರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ನಾನಿಲ್ಲಿ ಹೇಳುವ ದೂರು ಆ ವಯಸ್ಸಿನ ಬೇರೆ ಕಂಪನಿಗಳ ಪೆಟ್ರೋಲ್ ಕಾರುಗಳಿಗೂ ಬರಬಹುದಾದದ್ದು.

ಕಾರಿನ ಬಗ್ಗೆ ಹೇಳುವುದಾದರೆ, ಈ ಬೆಲೆಗೆ ಇದಕ್ಕಿಂತ ನಂಬಿಕಸ್ಥ ಯಂತ್ರವನ್ನು ನಾನು ಓಡಿಸಿಲ್ಲ. ಕ್ಲಚ್ ಪ್ಲೇಟ್ 82,000 ಕಿ.ಮೀ.ವರೆಗೆ ಬಂತು. ಮುಂದಿನ ಲೋಯರ್ ಆರ್ಮ್ ಬುಷ್‌ಗಳನ್ನು ಎರಡು ಬಾರಿ ಬದಲಾಯಿಸಿದ್ದೇನೆ. ಅದು ಕಾರಿನ ತಪ್ಪಲ್ಲ, ನಮ್ಮ ಬಡಾವಣೆಯ ಗುಂಡಿಗಳ ಕೊಡುಗೆ. ಸ್ಟಿಯರಿಂಗ್ ಇಂದಿಗೂ ಬಿಗಿಯಾಗಿದೆ, ಎಂಜಿನ್ ಚಳಿಗಾಲದ ಮುಂಜಾನೆಯಲ್ಲೂ ಒಂದೇ ಸೆಲ್ಫ್ ಸ್ಟಾರ್ಟಿಗೆ ಎದ್ದುಬಿಡುತ್ತದೆ. ಹಿಂದಿನ ಸೀಟಿನಲ್ಲಿ ಮೂವರು ದೊಡ್ಡವರು ಕುಳಿತರೆ ಮದ್ದೂರು ದಾಟುವಷ್ಟರಲ್ಲಿ ಮಾತು ನಿಲ್ಲುತ್ತದೆ ಎಂಬುದೊಂದೇ ಹಳೆಯ ಕೊರತೆ.

ಬದಲಾದದ್ದು ಕಾರಲ್ಲ, ಅದಕ್ಕೆ ಕುಡಿಸುವ ಇಂಧನ. ಪೆಟ್ರೋಲ್ ಹಾಕಿಸುವ ಕಡೆಯ ಚಿಕ್ಕ ಮುಚ್ಚಳವನ್ನು ತೆರೆದರೆ ಒಳಮೈಯಲ್ಲಿ ಬಿಸಿಲಿಗೆ ಮಾಸಿದ ಸ್ಟಿಕ್ಕರ್ ಒಂದಿದೆ. ಅದರ ಮೇಲೆ ‘ಇ10’ ಎಂದಿದೆ. ಅಂದರೆ ಶೇ 10ರವರೆಗೆ ಎಥನಾಲ್ (ಕಬ್ಬು, ಧಾನ್ಯಗಳಿಂದ ತೆಗೆಯುವ ಮದ್ಯಸಾರ) ಬೆರೆತ ಪೆಟ್ರೋಲನ್ನು ಈ ಕಾರು ತಾಳಿಕೊಳ್ಳುತ್ತದೆ ಎಂದು ಕಂಪನಿಯೇ ಬರೆದುಕೊಟ್ಟ ಮಾತು. ಶೇ 20ರಷ್ಟು ಎಥನಾಲ್ ಬೆರೆಸುವ, ಅಂದರೆ ‘ಇ20’ಯ ಗುರಿ ಮೊದಲು 2030ಕ್ಕೆ ಇತ್ತು. ಕೇಂದ್ರ ಸರ್ಕಾರ ಅದನ್ನು 2025ಕ್ಕೆ ಎಳೆದು ತಂದಿತು. ಇ20 ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟದ್ದು 2023ರ ಫೆಬ್ರುವರಿ 6ರಂದು, ನಮ್ಮ ಬೆಂಗಳೂರಿನಲ್ಲೇ. ಆಗ ಕೆಲವೇ ಬಂಕ್‌ಗಳಲ್ಲಿ ಸಿಗುತ್ತಿದ್ದದ್ದು ಈಗ ಎಲ್ಲ ಕಡೆಯ ಮಾಮೂಲಿ ಪೆಟ್ರೋಲ್ ಆಗಿದೆ. ಬೇಡವೆನ್ನುವವರಿಗೆ ಉಳಿದಿರುವುದು ಎಥನಾಲ್ ಬೆರೆಸದ, ಲೀಟರಿಗೆ ನೂರೈವತ್ತು ದಾಟುವ 100 ಆಕ್ಟೇನಿನ ದುಬಾರಿ ಪೆಟ್ರೋಲ್ ಮಾತ್ರ.

ಕಾರು ಕೊಂಡ ದಿನದಿಂದ ಫುಲ್ ಟ್ಯಾಂಕ್ ಮಾಡಿಸಿದಾಗಲೆಲ್ಲ ಲೀಟರು, ಕಿಲೋಮೀಟರು ಎರಡನ್ನೂ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಮನೆಯವರು ಇದನ್ನು ‘ಹಾಲಿನ ಲೆಕ್ಕ’ ಎನ್ನುತ್ತಾರೆ. ಬೆಂಗಳೂರು–ಮಂಡ್ಯ ಓಡಾಟದಲ್ಲಿ 2021ರವರೆಗೆ ಲೀಟರಿಗೆ ಸರಾಸರಿ 18.4 ಕಿ.ಮೀ. ಬರುತ್ತಿತ್ತು, ಕಳೆದ ವರ್ಷ ಅದೇ ಸರಾಸರಿ 17.1ಕ್ಕೆ ಇಳಿದಿದೆ. ಕಾರಿಗೆ ವಯಸ್ಸಾದದ್ದೂ, ಹೊಸ ಹೆದ್ದಾರಿಯಲ್ಲಿ ವೇಗ ಹೆಚ್ಚಿದ್ದೂ ಇದರಲ್ಲಿ ಸ್ವಲ್ಪ ಸೇರಿರಬಹುದು. ಆದರೆ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಭಾಗ ಕಡಿಮೆ ಎಂಬುದು ರಸಾಯನಶಾಸ್ತ್ರ, ರಾಜಕೀಯವಲ್ಲ. ನೀತಿ ಆಯೋಗದ 2021ರ ವರದಿಯೇ, ಎಥನಾಲ್ ಇಲ್ಲದ ಪೆಟ್ರೋಲಿಗೆ ರೂಪಿಸಿ ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಮೈಲೇಜ್ ಶೇ 6–7ರಷ್ಟು ಇಳಿಯಬಹುದೆಂದು ಅಂದಾಜಿಸಿತ್ತು. ನನ್ನ ಹಾಲಿನ ಲೆಕ್ಕ ಹೇಳುವುದೂ ಹೆಚ್ಚುಕಡಿಮೆ ಅಷ್ಟನ್ನೇ. ವರ್ಷಕ್ಕೆ 12,000 ಕಿ.ಮೀ. ಓಡಿಸುವ ನನಗೆ ಇದು ಸುಮಾರು 50 ಲೀಟರಿನ, ಅಂದರೆ ಐದು ಸಾವಿರ ರೂಪಾಯಿಯ ಹೆಚ್ಚುವರಿ ಹೊರೆ. ಮಿಶ್ರಣದ ಪೆಟ್ರೋಲ್ ಅಗ್ಗವಾಗಿರಬೇಕೆಂದು ಅದೇ ವರದಿ ಆಶಿಸಿತ್ತು. ಆದರೆ ಎಥನಾಲ್ ಖರೀದಿ ದರವೇ ಲೀಟರಿಗೆ ಸರಾಸರಿ 71.32 ರೂಪಾಯಿಯಾಗಿದ್ದು, ಸಂಸ್ಕರಿಸಿದ ಪೆಟ್ರೋಲಿಗಿಂತ ದುಬಾರಿ ಎಂಬುದು 2025ರ ಆಗಸ್ಟ್‌ನಲ್ಲಿ ಪೆಟ್ರೋಲಿಯಂ ಸಚಿವಾಲಯ ಕೊಟ್ಟ ವಿವರಣೆ. ರಾಜ್ಯ ಸರ್ಕಾರದ ಕೈಯೂ ಇದರಲ್ಲಿ ಖಾಲಿಯಿಲ್ಲ: 2024ರ ಜೂನ್‌ನಲ್ಲಿ ಪೆಟ್ರೋಲಿನ ಮಾರಾಟ ತೆರಿಗೆ ಶೇ 25.92ರಿಂದ 29.84ಕ್ಕೇರಿತು.

ಕಳೆದ ಮಳೆಗಾಲದಲ್ಲಿ ಕಾರಿನೊಳಗೆ ಪೆಟ್ರೋಲ್ ವಾಸನೆ ಶುರುವಾಯಿತು. ಗ್ಯಾರೇಜಿನಲ್ಲಿ ಕಾರನ್ನು ಮೇಲೆತ್ತಿಸಿ ನೋಡಿದರೆ, ಟ್ಯಾಂಕಿನಿಂದ ಬರುವ ರಬ್ಬರ್ ಪೈಪು ಕ್ಲಿಪ್ಪಿನ ಬಳಿ ಬೆವರಿದಂತೆ ಒದ್ದೆಯಾಗಿತ್ತು. ಮೆಕ್ಯಾನಿಕ್ ಅದನ್ನು ಬಿಚ್ಚಿ ಬೆರಳಿನಿಂದ ಬಾಗಿಸಿದಾಗ ಹಳೆಯ ಹವಾಯಿ ಚಪ್ಪಲಿಯ ಬಾರಿನಲ್ಲಿ ಕಾಣುವಂಥ ಸಣ್ಣ ಬಿರುಕುಗಳು ಉದ್ದಕ್ಕೂ ತೆರೆದುಕೊಂಡವು. ‘ಈ ವರ್ಷ ಇದು ನಾಲ್ಕನೇದು ಸಾರ್’ ಎಂದರು. ಒಂಬತ್ತು ವರ್ಷದ ರಬ್ಬರು ತಾನಾಗಿಯೇ ಒಣಗಿರಬಹುದು ಎಂಬ ವಾದವನ್ನು ಒಪ್ಪುತ್ತೇನೆ. ಆದರೂ ಕಂಪನಿಗೆ ಪತ್ರ ಬರೆದೆ. ‘ಕೈಪಿಡಿಯಲ್ಲಿ ಸೂಚಿಸಿರುವ ಇಂಧನವನ್ನೇ ಬಳಸಿ’ ಎಂಬ ಉತ್ತರ ಬಂತು. ಆ ಇಂಧನವನ್ನು ಈಗ ಮಾಮೂಲಿ ಬೆಲೆಗೆ ಯಾರೂ ಮಾರುವುದಿಲ್ಲ. ಬಂಕಿನವರನ್ನು ಕೇಳಿದರೆ ಟ್ಯಾಂಕರಿನಲ್ಲಿ ಬಂದದ್ದನ್ನು ಹಾಕುತ್ತೇವೆ ಎನ್ನುತ್ತಾರೆ. ಸಚಿವಾಲಯದ ಅದೇ ವಿವರಣೆಯ ಪ್ರಕಾರ, ಕೆಲವು ಹಳೆಯ ವಾಹನಗಳಲ್ಲಿ 20,000ದಿಂದ 30,000 ಕಿ.ಮೀ. ನಂತರ ರಬ್ಬರ್ ಭಾಗಗಳನ್ನೂ ಗ್ಯಾಸ್ಕೆಟ್‌ಗಳನ್ನೂ ಬದಲಿಸಬೇಕಾಗಬಹುದು, ಅದು ದುಬಾರಿಯಲ್ಲ. ದುಬಾರಿಯಲ್ಲದಿದ್ದರೆ ಆ ಬಿಲ್ಲನ್ನು ಕಾರು ಮಾಡಿದವರೋ ಇಂಧನ ಬದಲಿಸಿದವರೋ ಕಟ್ಟಬಹುದಿತ್ತು.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 110ಎ ಕಲಮಿನಡಿ ದೋಷಪೂರಿತ ವಾಹನಗಳನ್ನು ಕಡ್ಡಾಯವಾಗಿ ವಾಪಸು ಕರೆಸುವ ಅಧಿಕಾರ ಸರ್ಕಾರಕ್ಕಿದೆ; 2021ರ ಏಪ್ರಿಲ್‌ನಿಂದ ಜಾರಿಯಾದ ನಿಯಮಗಳಲ್ಲಿ ತಯಾರಕರಿಗೆ 10 ಲಕ್ಷದಿಂದ ಒಂದು ಕೋಟಿ ರೂಪಾಯಿವರೆಗೆ ದಂಡವೂ ಇದೆ. ಆದರೆ ಅದು ಏಳು ವರ್ಷದೊಳಗಿನ ವಾಹನಗಳಿಗೆ ಮಾತ್ರ. ಅಂದರೆ ಹೊಸ ಇಂಧನದಿಂದ ಹೆಚ್ಚು ತೊಂದರೆಯಾಗಬಲ್ಲ ಹಳೆಯ ಕಾರುಗಳೇ ಈ ಕಾನೂನಿನ ಹೊರಗೆ ನಿಂತಿವೆ. ಎಥನಾಲ್ ಬೆರೆಸದ ಪೆಟ್ರೋಲೂ ಬಂಕಿನಲ್ಲಿ ಸಿಗಬೇಕೆಂದು ಕೋರಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು.

ನಾನು ಎಥನಾಲಿನ ವಿರೋಧಿಯಲ್ಲ. ನಮ್ಮ ಭಾವ ಮದ್ದೂರಿನ ಬಳಿ ಕಬ್ಬು ಬೆಳೆಯುತ್ತಾರೆ. ನನ್ನ ಟ್ಯಾಂಕಿನ ಐದನೇ ಒಂದು ಪಾಲು ಅವರಂಥವರ ಗದ್ದೆಯಿಂದ ಬರುವುದಾದರೆ ಸಂತೋಷವೇ. ಆದರೆ 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ಕಬ್ಬಿಗೆ ಟನ್ನಿಗೆ 3,500 ರೂಪಾಯಿ ಕೇಳಿ ದಿನಗಟ್ಟಲೆ ರಸ್ತೆಯಲ್ಲಿ ಕುಳಿತರು, ಕೊನೆಗೆ 3,300ಕ್ಕೆ ಏಳಬೇಕಾಯಿತು. ಯಾವ ರಾಜ್ಯದ ಕಾರ್ಖಾನೆಗಳಿಂದ ಎಷ್ಟು ಎಥನಾಲ್ ಕೊಳ್ಳಬೇಕೆಂಬ ಹಂಚಿಕೆಯ ವಿಚಾರದಲ್ಲಿ ಆಗಲೂ ರಾಜ್ಯ ಕೇಂದ್ರವನ್ನು, ಕೇಂದ್ರ ರಾಜ್ಯವನ್ನು ತೋರಿಸಿದವು. ನನ್ನ ಪೈಪಿನ ವಿಷಯದಲ್ಲಿ ಕಂಪನಿ, ಬಂಕು, ಸಚಿವಾಲಯ ಮಾಡಿದ್ದೂ ಇದನ್ನೇ.

ಕಾರನ್ನು ಮಾರುವ ಯೋಚನೆ ನನಗಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮುಚ್ಚಳದ ಸ್ಟಿಕ್ಕರನ್ನೂ ತಯಾರಾದ ತಿಂಗಳನ್ನೂ ನೋಡಿಯೇ ಮುಂಗಡ ಕೊಡಿ. ಇ20 ತಾಳುವ ಭಾಗಗಳು ಹೊಸ ಕಾರುಗಳಲ್ಲಿ ಮಾಮೂಲಾದದ್ದು 2023ರ ಏಪ್ರಿಲ್‌ನಿಂದ; ಅದಕ್ಕಿಂತ ಹಿಂದಿನ ಕಾರಾದರೆ ಕಾರನ್ನು ಮೇಲೆತ್ತಿಸಿ ಇಂಧನದ ಪೈಪು, ಪಂಪು, ಓ-ರಿಂಗ್‌ಗಳನ್ನು (ಸೋರದಂತೆ ತಡೆಯುವ ರಬ್ಬರ್ ಉಂಗುರಗಳು) ಪರೀಕ್ಷಿಸಿ. ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುವವರು ಟ್ಯಾಂಕನ್ನು ತುಂಬಿಸಿಡಿ, ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನನ್ನ ಹೊಸ ಪೈಪಿನ ಬಿಲ್ಲಿನ ಪ್ರತಿಯೊಂದಿಗೆ ಕಂಪನಿಗೆ ಎರಡನೇ ಪತ್ರ ಹಾಕಿ ನಾಲ್ಕು ತಿಂಗಳಾಯಿತು, ಉತ್ತರ ಬಂದಿಲ್ಲ.